ಮುಖ ಒಂದು ಕಡೆ ಸೊಟ್ಟಗಾಗಿದೆ: ಕಾದು ನೋಡಬಹುದೇ?

ಪ್ರಶ್ನೆ (ಹೊಸನಗರ ತಾಲ್ಲೂಕು):
ಇಂದು ಬೆಳಿಗ್ಗೆ ನಮ್ಮ ಚಿಕ್ಕಮ್ಮನವರು ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿತು. ಬಾಯಿ ಬಲಕ್ಕೆ ಎಳೆದುಕೊಂಡಿದೆ, ಎಡಗಣ್ಣು ಪೂರ್ತಿ ಮುಚ್ಚುತ್ತಿಲ್ಲ. ಕೈಕಾಲುಗಳಲ್ಲಿ ಶಕ್ತಿಯಿದೆ, ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇದೆ. ಮಳೆಗಾಲದ ಥಂಡಿಗಾಳಿಗೆ ಹೀಗಾಗಿದೆ, ನಾಟಿ ಔಷಧಿ ಕೊಡಿಸಿ ಒಂದು ವಾರ ನೋಡೋಣ ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ಕಾಯಬಹುದೇ?

ಉತ್ತರ 1 (ವೈದ್ಯ, ತೀರ್ಥಹಳ್ಳಿ):
ದಯವಿಟ್ಟು ಕಾಯಬೇಡಿ, ಈಗಲೇ ಹೊರಡಿ. ಮುಖದ ಸ್ನಾಯುಗಳನ್ನು ಆಡಿಸುವ ಏಳನೆಯ ಕಪಾಲ ನರವು ಕಿವಿಯ ಹಿಂಭಾಗದ ಮೂಳೆಯೊಳಗಿನ ಕಿರಿದಾದ ದಾರಿಯಲ್ಲಿ ಸಾಗುವುದರಿಂದ, ಅದು ಊದಿಕೊಂಡರೆ ಅಲ್ಲಿಯೇ ಒತ್ತಡಕ್ಕೆ ಸಿಕ್ಕಿ ಆ ಬದಿಯ ಹಣೆ, ಕಣ್ಣು, ತುಟಿ ಮೂರೂ ಸೋಲುತ್ತವೆ. ಇದನ್ನು ಬೆಲ್ಸ್ ಪಾಲ್ಸಿ ಎನ್ನುತ್ತೇವೆ. ಮೆದುಳಿನ ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ಹುಬ್ಬು ಏರಿಸಲು ಬರುತ್ತದೆ, ಮುಖದ ಕೆಳಭಾಗ ಮಾತ್ರ ಜೋಲುತ್ತದೆ. ಆದರೆ ಹಣೆಯ ನೆರಿಗೆ ನೋಡಿ ಮನೆಯಲ್ಲಿಯೇ ತೀರ್ಮಾನಿಸುವುದು ಅಪಾಯಕರ, ಏಕೆಂದರೆ ಈ ಲಕ್ಷಣಕ್ಕೆ ಅಪವಾದಗಳಿವೆ. ಮಾತು ತೊದಲಿದರೆ, ಕೈ ಸೋತರೆ, ನಡಿಗೆ ತೂರಾಡಿದರೆ, ತೀವ್ರ ತಲೆನೋವು ಬಂದರೆ ತಡಮಾಡದೆ 108ಕ್ಕೆ ಕರೆಮಾಡಿ. ರಕ್ತ ಹೆಪ್ಪುಗಟ್ಟಿ ಬಂದ ಪಾರ್ಶ್ವವಾಯುವಿಗೆ ಅದನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಘಟ್ಟದ ದಾರಿಯಲ್ಲೇ ಎಷ್ಟು ಹೊತ್ತು ಕಳೆಯುತ್ತದೆ ಎಂಬುದು ನಮ್ಮ ಕಡೆಯವರಿಗೆ ತಿಳಿಯದ್ದಲ್ಲ.

ಬೆಲ್ಸ್ ಪಾಲ್ಸಿಯೇ ಆಗಿದ್ದರೂ ಸ್ಟೆರಾಯ್ಡ್ ಮಾತ್ರೆಯನ್ನು 72 ಗಂಟೆಯೊಳಗೆ ಆರಂಭಿಸಬೇಕು. ಅದು ರಕ್ತದ ಸಕ್ಕರೆಯನ್ನು ಏರಿಸುವುದರಿಂದ, ಚಿಕ್ಕಮ್ಮನವರು ನುಂಗುವ ಮಾತ್ರೆಗಳ ಚೀಟಿಯನ್ನು ತಪ್ಪದೆ ಒಯ್ಯಿರಿ.

ಉತ್ತರ 2 (ಶುಶ್ರೂಷಕಿ, ಸಾಗರ):
ಕಣ್ಣಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ರೆಪ್ಪೆ ಮುಚ್ಚದಿದ್ದರೆ ಕರಿಗುಡ್ಡೆಯ ಮೇಲ್ಪದರ ಒಣಗಿ ಹುಣ್ಣಾಗಬಹುದು, ಆಗ ಮುಖ ಸರಿಹೋದರೂ ದೃಷ್ಟಿಗೆ ಪೆಟ್ಟು ಉಳಿಯುತ್ತದೆ. ಹಗಲು ಕಣ್ಣೀರಿನಂಥ ಹನಿಗಳು, ರಾತ್ರಿ ಮುಲಾಮು ಬೇಕಾಗುತ್ತವೆ. ರೆಪ್ಪೆಗೆ ಟೇಪು ಅಂಟಿಸುವ ಕ್ರಮವನ್ನು ಆಸ್ಪತ್ರೆಯಲ್ಲೇ ಕಲಿತುಬನ್ನಿ. ತಪ್ಪಾಗಿ ಅಂಟಿಸಿದರೆ ಟೇಪೇ ಕಣ್ಣನ್ನು ಗೀರುತ್ತದೆ. ಗುರುತಿಲ್ಲದ ಸೊಪ್ಪಿನ ರಸವನ್ನು ಕಣ್ಣಿಗಾಗಲಿ ಕಿವಿಗಾಗಲಿ ಖಂಡಿತ ಹಾಕಬೇಡಿ.

ಪ್ರಶ್ನೆ ಕೇಳಿದವರು:
ಹೊರಟಿದ್ದೇವೆ. ಅವರಿಗೆ ಎಡಗಿವಿ ನೋಯುತ್ತಿದೆ, ಒಳಗೆ ಸಣ್ಣ ಗುಳ್ಳೆಗಳೂ ಕಾಣುತ್ತಿವೆ. ಇದನ್ನೂ ಹೇಳಬೇಕೇ?

ಉತ್ತರ 1:
ಮೊದಲು ಅದನ್ನೇ ಹೇಳಿ. ಅದು ಸರ್ಪಸುತ್ತಿನ ವೈರಾಣುವಿನ ಸೋಂಕಾಗಿರಬಹುದು. ಹಾಗಿದ್ದರೆ ಸ್ಟೆರಾಯ್ಡ್ ಜೊತೆಗೆ ವೈರಾಣು ನಿರೋಧಕ ಔಷಧಿಯೂ ಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುವುದಾದರೆ ಹೊರರೋಗಿಗಳ ಸಾಲಿನಲ್ಲಿ ನಿಲ್ಲದೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ಮುಖ ಸೊಟ್ಟಗಾದದ್ದು ಮೊದಲು ಕಂಡ ಹೊತ್ತನ್ನು ತಿಳಿಸಿ.