ಪದಚರ್ಚೆ: ‘ಹಾರ್ಮೋನಿಕ್ ಡಿಸ್ಟಾರ್ಷನ್’ಗೆ ‘ಸಂಗತ ವಿರೂಪ’ ಸರಿಯೇ?

ಮಾನ್ಯರೇ, ವಿದ್ಯುತ್ ಉಪಕೇಂದ್ರದ ಸಿಬ್ಬಂದಿಗಾಗಿ ನಾನು ಅನುವಾದಿಸುತ್ತಿರುವ ತರಬೇತಿ ಕೈಪಿಡಿ ನಾಳೆ ಸಂಜೆ ಅಚ್ಚಿಗೆ ಹೋಗಬೇಕಾಗಿದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನೊಡನೆ 250, 350 ಹರ್ಟ್ಸ್‌ನಂಥ ಅಲೆಗಳು ಬೆರೆತು ಮೂಲ ಅಲೆಯ ಆಕಾರ ಕೆಡುವುದನ್ನು ‘ಸಂಗತ ವಿರೂಪ’ ಎಂದೂ, ಸೌರ ಸ್ಥಾವರದ ಕನ್ವರ್ಟರಿನ (ಡಿಸಿ ಎಂಬ ಏಕಮುಖ ವಿದ್ಯುತ್ತನ್ನು ಏಸಿ ಎಂಬ ಪರ್ಯಾಯ ವಿದ್ಯುತ್ತಾಗಿಸುವ ಯಂತ್ರದ) ಸ್ವಿಚ್ಚುಗಳನ್ನು ತಕ್ಕಂತೆ ನಡೆಸಿ ಅದನ್ನು ತಗ್ಗಿಸುವುದನ್ನು ‘ಪರಿವರ್ತಕ ನಿಯಂತ್ರಣದಿಂದ ಸಂಗತ ವಿರೂಪದ ಇಳಿಕೆ’ ಎಂದೂ ಬರೆದಿದ್ದೇನೆ. ಈ ಪದಗಳು ನಿಲ್ಲುತ್ತವೆಯೇ?

ಉತ್ತರ:
ನಿಲ್ಲುವುದಿಲ್ಲ. ‘ಸಂಗತ’ ಎಂದರೆ ಹೊಂದಿಕೊಂಡದ್ದು. ಆಕಾರ ಕೆಡಿಸುವ ಅಲೆಯನ್ನು ಸಂಗತವೆನ್ನುವುದೇ ಅಸಂಗತ. ‘ಹಾರ್ಮೋನಿಕ್’ಗೆ ಗಣಿತದಲ್ಲಿ ಬಳಸುವ ‘ಹರಾತ್ಮಕ’ವನ್ನೂ ಇಲ್ಲಿಗೆ ಎಳೆದು ತರಬೇಡಿ. ‘ಹರ’ ಎಂದರೆ ಛೇದ. ಅದು 1/2, 1/3, 1/4 ಎಂಬ ಶ್ರೇಢಿಗೆ ಒಪ್ಪುತ್ತದೆ, ಆವರ್ತನ ಐದು ಪಟ್ಟು, ಏಳು ಪಟ್ಟಾಗುವ ಅಲೆಗೆ ಒಪ್ಪುವುದಿಲ್ಲ. ಇಮ್ಮಡಿ, ಮುಮ್ಮಡಿಗಳನ್ನು ಕೊಟ್ಟ ‘ಮಡಿ’ ಕೈಯಲ್ಲೇ ಇರುವಾಗ ಸಂಸ್ಕೃತವೇಕೆ, ಇಂಗ್ಲಿಷೇಕೆ? ‘ಮಡಿಯಲೆ’ ಎನ್ನಿ, ಐದರದು ಐಮಡಿಯಲೆ, ಏಳರದು ಏಳ್ಮಡಿಯಲೆ.

ಇನ್ನೊಂದು ಉತ್ತರ:
‘ಮಡಿ’ ಎಂದೊಡನೆ ಲೈನ್‌ಮನ್ನಿಗೆ ನೆನಪಾಗುವುದು ಒದ್ದೆ ಪಂಚೆ. ಛೇದದ ವಾದವೂ ಅರ್ಧ ಮಾತ್ರ ಸರಿ: ತಂತಿಯ ಉದ್ದವನ್ನು 1/2, 1/3, 1/4ಕ್ಕೆ ಇಳಿಸಿದಂತೆ ಅದರ ಆವರ್ತನ ಎರಡು, ಮೂರು, ನಾಲ್ಕು ಪಟ್ಟಾಗುತ್ತದೆ, ಆ ಶ್ರೇಢಿಯೂ ಈ ಅಲೆಯೂ ಒಂದೇ ತಂತಿಯ ಎರಡು ಲೆಕ್ಕಗಳು.

ನಿಜವಾದ ಅಪಾಯವಿರುವುದು ‘ಪರಿವರ್ತಕ’ದಲ್ಲಿ, ಅದನ್ನು ತಾವು ಗಮನಿಸಲೇ ಇಲ್ಲ. ಪತ್ರಿಕೆಗಳಲ್ಲಿ ಅದು ಟ್ರಾನ್ಸ್‌ಫಾರ್ಮರಿನ ಹೆಸರು; ರೈತರು ಟಿ.ಸಿ. ಎನ್ನುವುದು ಅದನ್ನೇ. ಡಿಸಿಯನ್ನು ಏಸಿಯಾಗಿ ಬದಲಿಸುವ ಯಂತ್ರಕ್ಕೂ ಅದೇ ಹೆಸರಿಟ್ಟರೆ ಓದುವವರು ಕಂಬದತ್ತ ನೋಡುತ್ತಾರೆ. ಟ್ರಾನ್ಸ್‌ಫಾರ್ಮರು ಹಾರ್ಮೋನಿಕ್ ಪ್ರವಾಹದಿಂದ ಅತಿಯಾಗಿ ಬಿಸಿಯೇರುವ ವಸ್ತು. ಆ ಪ್ರವಾಹಕ್ಕೆ ಸರಿಯಾಗಿ ಎದುರಾದ ಪ್ರವಾಹವನ್ನು ಹರಿಸಿ ಅದನ್ನು ಅಳಿಸಬಲ್ಲದ್ದು ಕನ್ವರ್ಟರು. ಕೆಡುವುದಕ್ಕೂ ಕಾಪಾಡುವುದಕ್ಕೂ ಒಂದೇ ಹೆಸರಾದರೆ ಕೈಪಿಡಿ ಯಾರಿಗೆ ಬೇಕು? ‘ಹಾರ್ಮೋನಿಕ್ ವಿರೂಪ’, ‘ಕನ್ವರ್ಟರ್’ ಎಂದೇ ಬರೆಯಿರಿ.

ಮೊದಲ ಉತ್ತರದವರಿಂದ:
ಎಲ್ಲವನ್ನೂ ಹಾಗೆಯೇ ಎತ್ತಿಕೊಳ್ಳುವುದಾದರೆ ಅನುವಾದಕರು ಬೇಕಿಲ್ಲ, ಅಕ್ಷರ ಜೋಡಿಸುವವರು ಸಾಕು.

ಮರುಮಾತು:
ಫ್ಯೂಸು ಹೋದಾಗ ತಾವು ಯಾವ ಪದದಿಂದ ದೂರು ಕೊಡುತ್ತೀರಿ?

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ವಂದನೆಗಳು. ‘ಹಾರ್ಮೋನಿಕ್ ವಿರೂಪ’ವನ್ನು ಇಟ್ಟುಕೊಂಡು, ಅದು ಮೊದಲು ಬರುವಲ್ಲಿ ‘ಮೂಲ ಆವರ್ತನದ ಪೂರ್ಣಾಂಕ ಪಟ್ಟಿನ ಅಲೆಗಳಿಂದಾಗುವ ಆಕಾರಭಂಗ’ ಎಂದು ವಿವರಿಸುತ್ತೇನೆ. ‘ಪರಿವರ್ತಕ’ವನ್ನು 11 ಪುಟಗಳಲ್ಲಿ ತಿದ್ದಬೇಕಾಗಿದೆ.