‘ಅಬ್ಲೇಷನ್’ – ಸುಡದ ಚಿಕಿತ್ಸೆಯನ್ನು ‘ಸುಡುವುದು’ ಎನ್ನಬಹುದೇ?

ಹೃತ್ಕರ್ಣದ ಕಂಪನಕ್ಕೆ, ಅಂದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಕಾಯಿಲೆಗೆ, ಮಾಡುವ ಅಬ್ಲೇಷನ್ ಚಿಕಿತ್ಸೆಯ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ದಿನದಿಂದ ಒಂದೇ ಕ್ರಿಯಾಪದದಲ್ಲಿ ಸಿಕ್ಕಿಕೊಂಡಿದ್ದೇನೆ.

ಹಳೆಯ ಕರಡಿನಲ್ಲಿ ‘ತೊಂದರೆ ಕೊಡುವ ಅಂಗಾಂಶವನ್ನು ಸುಡುವುದು’ ಎಂದಿದೆ. ರೇಡಿಯೋ ತರಂಗದ ಕ್ಯಾತಿಟರಿಗೆ (ರಕ್ತನಾಳದ ಮೂಲಕ ಹೃದಯಕ್ಕೆ ತೂರಿಸುವ ತೆಳು ಕೊಳವೆ) ಅದು ಸರಿ, ಅಲ್ಲಿ ಶಾಖದ್ದೇ ಕೆಲಸ. ಕ್ರಯೋಬಲೂನ್ ಬಂದಾಗಲೇ ಪದ ಕುಂಟಿತು, ಏಕೆಂದರೆ ಅದು ಹೆಪ್ಪುಗಟ್ಟಿಸುತ್ತದೆ. ಈಗಿನ ಪಲ್ಸ್ಡ್ ಫೀಲ್ಡ್ ಅಬ್ಲೇಷನ್ ಎರಡನ್ನೂ ನೆಚ್ಚಿಲ್ಲ. ಮೈಕ್ರೋಸೆಕೆಂಡುಗಳಲ್ಲಿ ಮುಗಿಯುವ ತೀವ್ರ ವಿದ್ಯುತ್ ಮಿಡಿತಗಳು ಜೀವಕೋಶದ ಪೊರೆಯಲ್ಲಿ ರಂಧ್ರ ಮಾಡುತ್ತವೆ, ಕೋಶ ಸಾಯುತ್ತದೆ. ಹೃದಯದ ಸ್ನಾಯು ಇದಕ್ಕೆ ಬೇಗ ಸೋಲುತ್ತದೆ. ಅದರ ಬೆನ್ನಿಗೇ ಒರಗಿರುವ ಅನ್ನನಾಳ ಅಷ್ಟು ಸುಲಭವಾಗಿ ಸೋಲುವುದಿಲ್ಲ.

‘ರಂಧ್ರ’ ಎಂದು ಬರೆದೆ. ಕರಡು ಓದಿದ ಸೋದರಮಾವ, ‘ಇರುವ ಕಾಯಿಲೆ ಸಾಲದೆಂದು ಹೃದಯಕ್ಕೆ ತೂತು ಬೇರೆ ಕೊರೆಯುತ್ತಾರೆಯೇ?’ ಎಂದು ಕನ್ನಡಕ ತೆಗೆದಿಟ್ಟರು. ‘ಹೃದಯದಲ್ಲಿ ರಂಧ್ರ’ ಎಂದರೆ ನಮ್ಮಲ್ಲಿ ಮಕ್ಕಳಿಗೆ ಹುಟ್ಟಿನಿಂದ ಬರುವ ದೋಷ. ಆ ಪದ ಬಿಟ್ಟೆ.

‘ಛೇದನ’ ಕತ್ತರಿಯ ಪದ. ‘ನಿರ್ಮೂಲನ’ ಪೋಲಿಯೋಗೆ ಸರಿ, ಇಲ್ಲಿ ಸುಳ್ಳು ಭರವಸೆಯಾಗುತ್ತದೆ. ಕಂಪನ ಮರಳಿ ಬರುವುದುಂಟು. ‘ಚಿವುಟು’ ಮುದ್ದಾದ ಪದವೇ. ಕಂಪನ ಹೊತ್ತಿಸುವ ವಿದ್ಯುತ್ ಕಿಡಿಗಳು ಹೆಚ್ಚಾಗಿ ಶ್ವಾಸಕೋಶದಿಂದ ಬರುವ ಅಭಿಧಮನಿಗಳಲ್ಲಿ ಹುಟ್ಟುತ್ತವೆ ಎಂದು ಫ್ರಾನ್ಸಿನ ಬೋರ್ಡೊ ನಗರದ ವೈದ್ಯರು 1998ರಲ್ಲಿ ತೋರಿಸಿದ್ದರು. ಆದರೆ ವೈದ್ಯರು ಇಂದು ಮಾಡುವುದು ಚಿವುಟುವುದನ್ನಲ್ಲ, ಆ ಅಭಿಧಮನಿಗಳ ಬಾಯಿಗೆ ಸುತ್ತಲೂ ಗೆರೆ ಎಳೆದು ಕಿಡಿ ಹೊರಬಾರದಂತೆ ಮಾಡುವುದನ್ನು. ಅಂದರೆ ದಿಗ್ಬಂಧನ! ಮಂತ್ರವಾದಿಯ ವಾಸನೆ ಇದ್ದರೂ ಅರ್ಥದಲ್ಲಿ ಇದಕ್ಕಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ. ಒಪ್ಪಿಗೆ ಪತ್ರದಲ್ಲಿ ಬರೆಯುವ ಧೈರ್ಯ ಮಾತ್ರ ಇಲ್ಲ.

ಇದಕ್ಕಿಂತ ದೊಡ್ಡ ತಕರಾರು ‘ಸುರಕ್ಷಿತ’ದ್ದು. ಪಲ್ಸ್ಡ್ ಫೀಲ್ಡ್ ವಿಧಾನದ ಬಗ್ಗೆ ಮೂಲದಲ್ಲಿ ‘ಹೆಚ್ಚು ಸುರಕ್ಷಿತವಾಗಬಹುದು’ ಎಂದಿದ್ದುದು ಕರಡಿನಲ್ಲಿ ‘ಸಂಪೂರ್ಣ ಸುರಕ್ಷಿತ’ವಾಗಿ ಕೂತಿದೆ. ಆ ಚಿಕಿತ್ಸೆ ಪಡೆದ 17 ಸಾವಿರಕ್ಕೂ ಹೆಚ್ಚು ರೋಗಿಗಳ ಅಂತರರಾಷ್ಟ್ರೀಯ ಸಮೀಕ್ಷೆಯೊಂದರಲ್ಲಿ ಅನ್ನನಾಳಕ್ಕೆ ತೂತು ಬಿದ್ದ ಒಂದು ಪ್ರಕರಣವೂ ಇರಲಿಲ್ಲ, ನಿಜ. ಗಂಭೀರ ತೊಂದರೆ ಶೇ. 1ರಷ್ಟು ಮಂದಿಯಲ್ಲಿ ಕಂಡಿತ್ತು ಎಂಬುದೂ ನಿಜ. ವಿದ್ಯುತ್ ಮಿಡಿತಗಳು ಹೆಚ್ಚಾದಂತೆ ಕೆಂಪು ರಕ್ತಕಣಗಳು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗಬಹುದು. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಇದೇ ಬಗೆಯ ತನ್ನ ವ್ಯಾರಿಪಲ್ಸ್ ಸಾಧನದ ಬಳಕೆಯನ್ನೇ ತಡೆಹಿಡಿದಿತ್ತು. ಮಿದುಳಿನ ರಕ್ತನಾಳಕ್ಕೆ ಸಂಬಂಧಿಸಿದ ನಾಲ್ಕು ಘಟನೆಗಳು ವರದಿಯಾಗಿದ್ದವು. ಬಳಕೆಯ ಸೂಚನೆ ತಿದ್ದಿ ಮುಂದಿನ ತಿಂಗಳು ಮತ್ತೆ ಆರಂಭಿಸಿತು. ಹೊಸದನ್ನು ರೂಢಿಗೆ ತರುವಾಗ ಹೀಗೆ ನಿಲ್ಲುವುದೂ ಸೇರಿರುತ್ತದೆ. ಹಾಗಾಗಿ ‘ಅಪಾಯ ಕಡಿಮೆ, ಇಲ್ಲವೆಂದಲ್ಲ’ ಎಂದು ಬರೆದಿದ್ದೇನೆ.

ಸದ್ಯದ ನನ್ನ ವಾಕ್ಯ: ‘ವಿದ್ಯುತ್ ಮಿಡಿತಗಳಿಂದ ಆ ಭಾಗದ ಸ್ನಾಯುಕೋಶಗಳನ್ನು ಕಮರಿಸಲಾಗುತ್ತದೆ.’ ಆಸೆ ಕಮರಿತು, ಮೊಗ್ಗು ಕಮರಿತು ಎಂಬಲ್ಲಿ ಬೆಂಕಿ ಇಲ್ಲ. ಆದರೆ ಸೀದ ಅನ್ನಕ್ಕೂ ‘ಕಮರು ವಾಸನೆ’ ಎನ್ನುತ್ತೇವೆ. ನಿಮ್ಮ ಕಡೆ ‘ಕಮರಿಸು’ ಎಂದರೆ ಮೊದಲು ಮೊಗ್ಗು ನೆನಪಾಗುತ್ತದೆಯೇ, ತಳ ಹಿಡಿದ ಪಾತ್ರೆಯೇ?