ಮೂರನೆಯ ಸ್ವಿಚ್ ಸ್ಟ್ಯಾಕ್‌ಗೆ ಸೇರುತ್ತಿಲ್ಲ, ಎರಡು ದಿನಗಳಿಂದ ಒದ್ದಾಡುತ್ತಿದ್ದೇನೆ

ಮೂಕಪೋರ್ಟ್:
ಎಲ್ಲರಿಗೂ ನಮಸ್ಕಾರ. ಎರಡು ನೆಟ್‌ವರ್ಕ್ ಸ್ವಿಚ್‌ಗಳ ಸ್ಟ್ಯಾಕ್ (ಕೇಬಲ್‌ನಿಂದ ಜೋಡಿಸಿ ಒಂದೇ ಸ್ವಿಚ್‌ನಂತೆ ನಡೆಸುವ ಗುಂಪು) ಒಂದು ವರ್ಷದಿಂದ ಯಾವ ತಕರಾರೂ ಇಲ್ಲದೆ ನಡೆಯುತ್ತಿದೆ. ಪೋರ್ಟ್‌ಗಳು ಸಾಲದ ಕಾರಣ ಮೊನ್ನೆ ಮೂರನೆಯದನ್ನು ಅದೇ ರ್‍ಯಾಕ್‌ನಲ್ಲಿ ಕೂರಿಸಿ ಸ್ಟ್ಯಾಕ್ ಕೇಬಲ್ ಜೋಡಿಸಿದೆ. ಜೋಡಿಸಿದ ಕೂಡಲೇ ಅದು ತಾನಾಗಿಯೇ ರೀಬೂಟ್ ಆಯಿತು. ಎದ್ದು ಬಂದ ಮೇಲೆ ಅದರ ಒಂದು ಪೋರ್ಟೂ ಕೆಲಸ ಮಾಡುತ್ತಿಲ್ಲ. ಕೇಬಲ್ ಬಿಚ್ಚಿ ಒಂಟಿಯಾಗಿ ನಡೆಸಿದರೆ ಸರಿಯಾಗಿಯೇ ಇರುತ್ತದೆ. ಸೋಮವಾರದೊಳಗೆ ನಲವತ್ತು ಮೇಜುಗಳಿಗೆ ಸಂಪರ್ಕ ಕೊಡಬೇಕಾಗಿದೆ. ದಯವಿಟ್ಟು ದಾರಿ ತೋರಿಸಿ.

ರ್‍ಯಾಕ್‌ಮಿತ್ರ:
ಇದು ಕೇಬಲ್‌ನದೇ ಸಮಸ್ಯೆ. ಸ್ಟ್ಯಾಕ್ ಕೇಬಲ್‌ನ ಕನೆಕ್ಟರ್ ಕೂತಂತೆ ಕಂಡರೂ ಪಕ್ಕದ ಸ್ಕ್ರೂ ಪೂರ್ತಿ ಬಿಗಿಯಾಗದಿದ್ದರೆ ಒಂದು ಕಡೆ ವಾಲಿಕೊಂಡಿರುತ್ತದೆ. ಎರಡೂ ತುದಿಗಳನ್ನು ಬಿಚ್ಚಿ, ನೇರವಾಗಿ ಒತ್ತಿ, ಮತ್ತೆ ಬಿಗಿ ಮಾಡಿ. ಕೊನೆಯ ಸ್ವಿಚ್‌ನಿಂದ ಮೊದಲನೆಯದಕ್ಕೆ ಹಿಂದಿರುಗುವ ಕೇಬಲ್ ಹಾಕಿ ರಿಂಗ್ ಮುಚ್ಚಿದ್ದೀರಾ?

ಮೂಕಪೋರ್ಟ್:
ಮುಚ್ಚಿದ್ದೇನೆ. ಕೇಬಲ್‌ಗಳನ್ನು ಅದಲುಬದಲು ಮಾಡಿಯೂ ನೋಡಿದೆ, ಫಲವಿಲ್ಲ.

ರ್‍ಯಾಕ್‌ಮಿತ್ರ:
ಹಾಗಾದರೆ ಕೇಬಲ್‌ನ ಒಳಗಿನ ಪಿನ್ ಬಾಗಿರಬೇಕು. ಬೇರೆ ಕೇಬಲ್ ತಂದು ನೋಡುವವರೆಗೆ ಉಳಿದ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಹಿರಿಯಸದಸ್ಯ:
ಕೇಬಲ್ ಬಿಡಿ, ಪ್ರಯಾರಿಟಿ ಏನಿದೆ ಎಂದು ಯಾರೂ ಕೇಳಲಿಲ್ಲವಲ್ಲ. ಯಾವ ಸ್ವಿಚ್ ಆಕ್ಟಿವ್, ಅಂದರೆ ಸ್ಟ್ಯಾಕ್‌ನ ಮುಖ್ಯಸ್ಥ ಆಗಬೇಕೆಂದು ತೀರ್ಮಾನಿಸುವ ಅಂಕೆ ಅದು, ಹೆಚ್ಚಿದ್ದದ್ದು ಗೆಲ್ಲುತ್ತದೆ. ಪ್ರಯಾರಿಟಿ 1ರಿಂದ 15ರವರೆಗೆ ಇರುತ್ತದೆ, ಏನೂ ಹೊಂದಿಸದಿದ್ದರೆ 1. ನಡೆಯುತ್ತಿರುವ ಸ್ವಿಚ್ಚನ್ನು ನಡೆಯುತ್ತಿರುವ ಸ್ಟ್ಯಾಕ್‌ಗೆ ಜೋಡಿಸಿದರೆ ಅದು ಸೇರ್ಪಡೆಯಾಗುವುದಿಲ್ಲ, ಎರಡು ಸ್ಟ್ಯಾಕ್‌ಗಳ ವಿಲೀನವಾಗುತ್ತದೆ. ಸೋತ ಕಡೆಯವೆಲ್ಲ ರೀಬೂಟ್ ಆಗುತ್ತವೆ. ನಿಮ್ಮ ಮೂರನೆಯದರಲ್ಲಿ ಹಳೆಯ 15 ಉಳಿದಿದ್ದರೆ ಅದೇ ಗೆದ್ದು, ಅದರ ಕಾನ್ಫಿಗರೇಶನ್ನೇ ಇಡೀ ಸ್ಟ್ಯಾಕ್‌ಗೆ ಹರಡಿ, ಒಂದು ವರ್ಷದ ಕೆಲಸ ಅಳಿಸಿಹೋಗುತ್ತಿತ್ತು. ಹೊಸದನ್ನು ಸೇರಿಸುವಾಗ ಅದರ ವಿದ್ಯುತ್ ಆರಿಸಿಯೇ ಕೇಬಲ್ ಹಾಕಬೇಕು.

ರ್‍ಯಾಕ್‌ಮಿತ್ರ:
ಪ್ರಯಾರಿಟಿ ತಪ್ಪಿದ್ದರೆ ಯಾವುದು ಆಕ್ಟಿವ್ ಎಂಬುದು ಬದಲಾಗುತ್ತದೆಯೇ ಹೊರತು ಪೋರ್ಟ್‌ಗಳು ಸತ್ತಿರುವುದಿಲ್ಲ.

ತಂತಿಜಾಲ:
ನನ್ನನ್ನು ಕೇಳಿದರೆ ಸ್ಟ್ಯಾಕ್ ಮಾಡುವುದೇ ಬೇಡ. ಪ್ರತಿಯೊಂದು ಸ್ವಿಚ್ಚೂ ಸ್ವತಂತ್ರವಾಗಿದ್ದರೆ ಸಾಫ್ಟ್‌ವೇರ್ ನವೀಕರಿಸುವಾಗ ಒಂದೊಂದನ್ನೇ ಆರಿಸಬಹುದು. ಸ್ಟ್ಯಾಕ್‌ನಲ್ಲಿ ಸಾಮಾನ್ಯವಾಗಿ ಎಲ್ಲವೂ ಒಟ್ಟಿಗೆ ಮಲಗುತ್ತವೆ.

ಹಿರಿಯಸದಸ್ಯ:
ಆದರೆ ಎರಡು ಬೇರೆ ಬೇರೆ ಸದಸ್ಯ ಸ್ವಿಚ್‌ಗಳಿಂದ ಒಂದೇ ಈಥರ್‌ಚಾನೆಲ್ (ಹಲವು ಕೊಂಡಿಗಳನ್ನು ಒಂದಾಗಿ ಕಟ್ಟಿದ ಸಂಪರ್ಕ) ಎಳೆದು, ಒಂದು ಸ್ವಿಚ್ ಸತ್ತರೂ ಅಪ್‌ಲಿಂಕ್ (ಮುಖ್ಯ ಜಾಲಕ್ಕೆ ಹೋಗುವ ಕೊಂಡಿ) ಉಳಿಸಿಕೊಳ್ಳುವ ಸೌಕರ್ಯ ಸ್ವತಂತ್ರ ಸ್ವಿಚ್‌ಗಳಲ್ಲಿ ಎಲ್ಲಿದೆ? ನಾನು ಒಂಬತ್ತು ಸದಸ್ಯರ ಸ್ಟ್ಯಾಕ್ ನಡೆಸುತ್ತಿದ್ದೇನೆ. ಅದರಲ್ಲಿ ಹಿಂದಿರುಗುವ ಉದ್ದ ಕೇಬಲ್ಲೇ ಇಲ್ಲ. ಒಂದನ್ನು ಬಿಟ್ಟು ಒಂದಕ್ಕೆ ಜಿಗಿಯುವಂತೆ ಹೆಣೆದು, ಚಿಕ್ಕ ಕೇಬಲ್‌ಗಳಲ್ಲೇ ರಿಂಗ್ ಮುಗಿಸಿದ್ದೇನೆ.

ದೀಪನೋಡು:
ಮೂಕಪೋರ್ಟ್ ಅವರೇ, ಸ್ವಿಚ್ ಯಾವ ಮಾದರಿ ಎಂದು ನೀವು ಇನ್ನೂ ಹೇಳಿಲ್ಲ, ನಾವೂ ಕೇಳದೆ ಊಹಿಸುತ್ತಿದ್ದೇವೆ. ಮೋಡ್ ಗುಂಡಿಯನ್ನು ಒತ್ತಿ ಸ್ಟ್ಯಾಕ್ ದೀಪ ಹತ್ತಿಸಿದಾಗ ಮೊದಲ ಒಂಬತ್ತು ಪೋರ್ಟ್ ದೀಪಗಳಲ್ಲಿ ಯಾವುದು ಮಿನುಗುತ್ತದೆ? ಜೊತೆಗೆ ಸದಸ್ಯರ ಸ್ಥಿತಿ ತೋರಿಸುವ 'ಶೋ ಸ್ವಿಚ್' ಆಜ್ಞೆಯ ಉತ್ತರವನ್ನು ಹಾಕಿ.

ಮೂಕಪೋರ್ಟ್:
ಕ್ಷಮಿಸಿ, ಹೇಳಬೇಕಾಗಿತ್ತು. ಮೂರೂ ಸಿಸ್ಕೋದ ಕ್ಯಾಟಲಿಸ್ಟ್ 3850. ಮೂರನೆಯದರಲ್ಲಿ ಮೂರನೇ ದೀಪ ಮಿನುಗುತ್ತಿದೆ, ಒಂದು ಮತ್ತು ಎರಡು ಸ್ಥಿರವಾಗಿ ಹಸಿರಾಗಿವೆ. 'ಶೋ ಸ್ವಿಚ್'ನಲ್ಲಿ ಒಂದನೆಯದು ಆಕ್ಟಿವ್, ಎರಡನೆಯದು ಸ್ಟ್ಯಾಂಡ್‌ಬೈ (ಆಕ್ಟಿವ್‌ಗೆ ಬದಲಿ), ಮೂರನೆಯದರ ಮುಂದೆ 'ವಿ-ಮಿಸ್‌ಮ್ಯಾಚ್' ಎಂದಿದೆ.

ದೀಪನೋಡು:
ಹಾಗಾದರೆ ಅದು ಸ್ಟ್ಯಾಕ್‌ಗೆ ಕಾಣಿಸುತ್ತಿದೆ, ಸಂಖ್ಯೆಯನ್ನೂ ಪಡೆದಿದೆ. ಸಾಫ್ಟ್‌ವೇರ್ ಆವೃತ್ತಿ ಬೇರೆಯಾದ್ದರಿಂದ ಒಳಗೆ ಬಿಟ್ಟುಕೊಂಡಿಲ್ಲ. ಆವೃತ್ತಿ ಯಾವುದು, ಈ ಸ್ವಿಚ್ ಎಲ್ಲಿಂದ ಬಂತು?

ಮೂಕಪೋರ್ಟ್:
ಇನ್ನೊಂದು ಕಟ್ಟಡದಲ್ಲಿ ಮೂಲೆಗೆ ಬಿದ್ದಿದ್ದದ್ದನ್ನು ತಂದೆ. ಮೊದಲಿನ ಎರಡರಲ್ಲಿ 16.12.4 ಇನ್‌ಸ್ಟಾಲ್ ಮೋಡ್‌ನಲ್ಲಿದೆ (ಸಾಫ್ಟ್‌ವೇರನ್ನು ಬಿಡಿ ಪ್ಯಾಕೇಜ್‌ಗಳಾಗಿ ಬಿಚ್ಚಿಟ್ಟು ನಡೆಸುವುದು). ಮೂರನೆಯದರಲ್ಲಿ 3.6.8 ಇದೆ, ಅದೂ ಬಂಡಲ್ ಮೋಡ್‌ನಲ್ಲಿ (ಬಿಚ್ಚದ ಒಂದೇ ಫೈಲ್‌ನಿಂದ ನೇರವಾಗಿ ನಡೆಸುವುದು). ಮಾದರಿ ಒಂದೇ ಆಗಿದ್ದರೆ ಸಾಕೆಂದುಕೊಂಡಿದ್ದೆ.

ದೀಪನೋಡು:
ಮಾದರಿ ಒಂದೇ ಆದರೆ ಸಾಲದು. ಆವೃತ್ತಿ, ಮೋಡ್, ಲೈಸೆನ್ಸ್ ಮಟ್ಟ ಮೂರೂ ಹೊಂದಬೇಕು. ಮೂರನೆಯದರ ವಿದ್ಯುತ್ ಆರಿಸಿ, ಸ್ಟ್ಯಾಕ್ ಕೇಬಲ್ ಬಿಚ್ಚಿ, ಒಂಟಿಯಾಗಿ ನಡೆಸಿ, 16.12.4ನ್ನು ಇನ್‌ಸ್ಟಾಲ್ ಮೋಡ್‌ನಲ್ಲಿ ಹಾಕಿ. ಇಷ್ಟು ಹಳೆಯ ಆವೃತ್ತಿಯಿಂದ ಏರುವಾಗ ಬೂಟ್‌ಲೋಡರ್ (ಸ್ವಿಚ್ಚನ್ನು ಮೊದಲು ಎಬ್ಬಿಸುವ ಸಣ್ಣ ಪ್ರೋಗ್ರಾಂ) ಕೂಡ ಬದಲಾಗುವುದರಿಂದ ಮೊದಲ ಬೂಟ್‌ಗೆ ಬಹಳ ಹೊತ್ತು ಹಿಡಿಯುತ್ತದೆ. ಪರದೆ ಸುಮ್ಮನೆ ನಿಂತಂತೆ ಕಂಡರೂ ವಿದ್ಯುತ್ ಮಾತ್ರ ತೆಗೆಯಬೇಡಿ. ಹಳೆಯ ಕಾನ್ಫಿಗರೇಶನ್ ಅಳಿಸಿ, ಪ್ರಯಾರಿಟಿ 1 ಇದೆಯೆಂದು ಖಚಿತಪಡಿಸಿಕೊಂಡು, ಆರಿಸಿದ ಸ್ಥಿತಿಯಲ್ಲಿಯೇ ಕೇಬಲ್ ಜೋಡಿಸಿ ಆಮೇಲೆ ಆನ್ ಮಾಡಿ. ಈ ವಿಷಯದಲ್ಲಿ ಹಿರಿಯಸದಸ್ಯರ ಎಚ್ಚರಿಕೆ ಸರಿಯಾಗಿದೆ.

ಮೂಕಪೋರ್ಟ್:
ಸೇರಿತು! ಮೂರನೆಯದರ ಮುಂದೆ ಈಗ 'ರೆಡಿ' ಎಂದಿದೆ, ಪೋರ್ಟ್‌ಗಳೆಲ್ಲ ಎದ್ದಿವೆ. ಹಳೆಯ ಪ್ರಯಾರಿಟಿ ನೋಡಿದೆ, 10 ಇತ್ತು. ನನ್ನ ಆಕ್ಟಿವ್‌ನಲ್ಲಿ 15 ಇದ್ದದ್ದರಿಂದ ಮಾತ್ರ ಆ ದಿನ ಉಳಿದುಕೊಂಡಿದ್ದೇನೆ.

ರ್‍ಯಾಕ್‌ಮಿತ್ರ:
ಸಂತೋಷ. ಆದರೂ ದಯವಿಟ್ಟು 'ಶೋ ಸ್ವಿಚ್ ಸ್ಟ್ಯಾಕ್-ರಿಂಗ್ ಸ್ಪೀಡ್' ನೋಡಿ ಹೇಳಿ.

ಮೂಕಪೋರ್ಟ್:
240ಜಿ (ಸೆಕೆಂಡಿಗೆ ಗಿಗಾಬಿಟ್), 'ಹಾಫ್', ಅಂದರೆ ಅರ್ಧ ಎಂದು ತೋರಿಸುತ್ತಿದೆ.

ರ್‍ಯಾಕ್‌ಮಿತ್ರ:
ರಿಂಗ್ ಎಲ್ಲೋ ಒಂದು ಕಡೆ ತೆರೆದಿದೆ. ಹಿಂದಿರುಗುವ ಕೇಬಲ್‌ನ ಎರಡೂ ತುದಿಗಳ ಸ್ಕ್ರೂ ಮುಟ್ಟಿ ನೋಡಿ.

ಮೂಕಪೋರ್ಟ್:
ಒಂದನೆಯ ಸ್ವಿಚ್‌ನ ಕಡೆಯ ಕನೆಕ್ಟರ್ ಕೆಳಗಿನ ಅಂಚಿನಲ್ಲಿ ಉಗುರಿನಷ್ಟು ಹೊರಗಿತ್ತು. ಒತ್ತಿ ಬಿಗಿ ಮಾಡಿದ ಮೇಲೆ 480ಜಿ, 'ಫುಲ್' ಬಂದಿದೆ. ಕಾನ್ಫಿಗರೇಶನ್ ಉಳಿಸಿದ್ದೇನೆ. ಭಾನುವಾರ ಒಂದನೆಯದರ ವಿದ್ಯುತ್ ತೆಗೆದು ಸ್ಟ್ಯಾಂಡ್‌ಬೈ ಹೊಣೆ ಹೊರುತ್ತದೆಯೇ ಎಂದು ಪರೀಕ್ಷಿಸಿ, ಇಲ್ಲಿಯೇ ಬರೆಯುತ್ತೇನೆ.